ಆವರ್ತದಿಂದ ಆವರ್ತಕ್ಕೆ ಕಲಿಯುವ ಯಂತ್ರ ನಿಯಂತ್ರಣ

ಒಂದೇ ಕೆಲಸವನ್ನು ದಿನಕ್ಕೆ ಸಾವಿರ ಬಾರಿ ಮಾಡುವ ಯಂತ್ರವು ಸಾಮಾನ್ಯವಾಗಿ ಸಾವಿರ ಬಾರಿಯೂ ಒಂದೇ ತಪ್ಪನ್ನು ಮಾಡುತ್ತದೆ. ಪ್ಲಾಸ್ಟಿಕ್ ಬಿಡಿಭಾಗ ತಯಾರಿಸುವ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ತಳ್ಳುವ ಸ್ಕ್ರೂವಿನ ವೇಗ ಹಾಗೂ ಒತ್ತಡ ಯಾವ ಕ್ಷಣದಲ್ಲಿ ಎಷ್ಟಿರಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಒತ್ತಡ ಕಡಿಮೆಯಾದರೆ ಅಚ್ಚು ಪೂರ್ತಿ ತುಂಬುವುದಿಲ್ಲ. ಹೆಚ್ಚಾದರೆ ಅಂಚಿನಿಂದ ಪ್ಲಾಸ್ಟಿಕ್ ಹೊರಚಾಚುತ್ತದೆ. ಎರಡೂ ಕೊನೆಗೆ ರಿಜೆಕ್ಷನ್ ಲೆಕ್ಕಕ್ಕೇ ಸೇರುತ್ತವೆ.

ಇದಕ್ಕೆ ಕಾರಣ ಸಾಮಾನ್ಯ ನಿಯಂತ್ರಕದ ಸ್ವಭಾವದಲ್ಲಿದೆ. ಕಾರ್ಖಾನೆಗಳಲ್ಲಿ ಚಿರಪರಿಚಿತವಾದ ಪಿ.ಐ.ಡಿ. ನಿಯಂತ್ರಕವು ವ್ಯತ್ಯಾಸ ಕಂಡುಬಂದ ನಂತರವೇ ಅದನ್ನು ತಿದ್ದಲು ತೊಡಗುತ್ತದೆ. ಅಚ್ಚು ಕೆಲವೇ ಸೆಕೆಂಡುಗಳಲ್ಲಿ ತುಂಬುವಾಗ ತಿದ್ದುಪಡಿ ಫಲ ಕೊಡುವಷ್ಟರಲ್ಲಿ ಆ ಕ್ಷಣ ಕಳೆದುಹೋಗಿರುತ್ತದೆ. ಮುಂದಿನ ಆವರ್ತದಲ್ಲಿ ಹಿಂದಿನದರ ನೆನಪು ಅದಕ್ಕಿಲ್ಲ.

'ಇಟರೇಟಿವ್ ಲರ್ನಿಂಗ್ ಕಂಟ್ರೋಲ್' ಎಂಬ ವಿಧಾನವು ಈ ಕೊರತೆಯನ್ನೇ ತುಂಬುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಇದು ಅಪರಿಚಿತವೆನಿಸದು. ಈ ತಿಂಗಳ ಬಜೆಟ್ಟಿಗೂ ವಾಸ್ತವ ಖರ್ಚಿಗೂ ಇರುವ ಅಂತರವನ್ನು ಬರೆದಿಟ್ಟು, ಮುಂದಿನ ತಿಂಗಳ ಬಜೆಟ್ಟನ್ನು ಅದರಂತೆ ತಿದ್ದುವ ಕ್ರಮವೇ ಇದು. ಇಲ್ಲಿ ತಿಂಗಳ ಬದಲು ಒಂದು ಆವರ್ತ. ಇಡೀ ಆವರ್ತದ ವ್ಯತ್ಯಾಸಗಳು ಕ್ಷಣಕ್ಷಣಕ್ಕೆ ನೆನಪಿನಲ್ಲಿ ದಾಖಲಾಗುತ್ತವೆ. ಹಿಂದಿನ ಆವರ್ತದ ದಾಖಲೆ ಕೈಯಲ್ಲಿರುವುದರಿಂದ, ಮೂರನೆಯ ಸೆಕೆಂಡಿನಲ್ಲಿ ಬರಲಿರುವ ಕೊರತೆಗೆ ಅದಕ್ಕಿಂತ ತುಸು ಮೊದಲೇ ಪರಿಹಾರ ಕೊಡಲು ಸಾಧ್ಯವಾಗುತ್ತದೆ.

ಮೊದಲ ಆವರ್ತದಲ್ಲಿ ಒತ್ತಡ 8 ಅಂಶ ಕಡಿಮೆ ಬಿತ್ತೆಂದು ಭಾವಿಸೋಣ. ಪ್ರತಿ ಸಲವೂ ಕೊರತೆಯ ಅರ್ಧದಷ್ಟನ್ನು ತುಂಬುವ ತಿದ್ದುಪಡಿಯಾದರೆ ಕೊರತೆ 4, 2, 1 ಎಂದು ಇಳಿಯುತ್ತಾ ಹೋಗುತ್ತದೆ. ಆತುರಪಟ್ಟು ಕೊರತೆಯ ಎರಡೂವರೆ ಪಟ್ಟು ಪರಿಣಾಮ ಬೀರುವ ತಿದ್ದುಪಡಿ ಮಾಡಿದರೋ, 8ರ ಕೊರತೆ 12ರ ಹೆಚ್ಚಳವಾಗಿ, ಅದು ಮತ್ತೆ 18ರ ಕೊರತೆಯಾಗಿ ಬೆಳೆಯುತ್ತದೆ. ಆದುದರಿಂದ ಕಲಿಕೆಯ ಪ್ರಮಾಣವನ್ನು ನಿಗದಿಪಡಿಸುವುದೇ ಈ ವಿದ್ಯೆಯ ತಿರುಳು. ವೋಲ್ಟೇಜ್ ಏರಿಳಿತದಂತಹ ಒಮ್ಮೆ ಬಂದು ಹೋಗುವ ವ್ಯತ್ಯಾಸವನ್ನೂ ಯಂತ್ರ 'ಕಲಿತು'ಬಿಡದಂತೆ ನಡುವೆ ಒಂದು ಸೋಸುವ ವ್ಯವಸ್ಥೆಯೂ ಬೇಕಾಗುತ್ತದೆ.

ಇಂದು ಯಂತ್ರ ಮಾರಾಟಗಾರರು ಎಲ್ಲಕ್ಕೂ ಕೃತಕ ಬುದ್ಧಿಮತ್ತೆಯ ಹಣೆಪಟ್ಟಿ ಹಚ್ಚುವುದುಂಟು. ಈ ವಿಧಾನವಂತೂ ಹಳೆಯದು. ಅಮೆರಿಕದಲ್ಲಿ ಇಂತಹ ವಿಚಾರಕ್ಕೆ 1967ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 1971ರಲ್ಲಿ ಪೇಟೆಂಟ್ ದೊರೆತಿತ್ತು. ಜಪಾನಿನ ಸುಗುರು ಅರಿಮೊಟೊ ಮತ್ತು ಅವರ ಸಹೋದ್ಯೋಗಿಗಳು ರೋಬಾಟ್‌ಗಳ ಕುರಿತು 1984ರಲ್ಲಿ ಪ್ರಕಟಿಸಿದ ಲೇಖನದಿಂದ ಅದು ವ್ಯಾಪಕವಾಗಿ ಪ್ರಚಾರಕ್ಕೆ ಬಂದಿತು. ಇದರ ಮೂಲರೂಪಕ್ಕೆ ರಾಶಿಗಟ್ಟಲೆ ಮಾಹಿತಿಯಾಗಲಿ ದೊಡ್ಡ ಗಣಕವಾಗಲಿ ಬೇಕಿಲ್ಲ. ಹಿಂದಿನ ಆವರ್ತದ ದಾಖಲೆಯಿದ್ದರೆ ಸಾಕು.

ಆದರೆ ಷರತ್ತುಗಳು ಕಟ್ಟುನಿಟ್ಟು. ಪ್ರತಿ ಆವರ್ತವೂ ಒಂದೇ ಸ್ಥಿತಿಯಿಂದ ಆರಂಭವಾಗಬೇಕು, ಒಂದೇ ಅವಧಿಯದಾಗಿರಬೇಕು, ಗುರಿಯೂ ಒಂದೇ ಇರಬೇಕು. ಸೋಮವಾರ ಬೆಳಿಗ್ಗೆ ತಣ್ಣಗಿರುವ ಯಂತ್ರ ಶನಿವಾರ ಸಂಜೆಯ ಯಂತ್ರವಲ್ಲ. ಹೊಸ ಹರಳಿನ ಜೊತೆ ಪುಡಿಮಾಡಿದ ಹಳೆಯ ಪ್ಲಾಸ್ಟಿಕ್ಕನ್ನು ದಿನಕ್ಕೊಂದು ಪ್ರಮಾಣದಲ್ಲಿ ಬೆರೆಸುವ ಘಟಕದಲ್ಲಿ ನಿನ್ನೆಯ ಪಾಠ ಇಂದಿಗೆ ಒದಗುವುದು ಕಷ್ಟ. ಅಂತಹ ಘಟಕ ಮೊದಲು ಕಚ್ಚಾ ಮಾಲಿನ ಶಿಸ್ತಿಗೆ ಹಣ ಹಾಕುವುದು ಲೇಸು.

ಕಲಿಕೆಗೂ ಬೆಲೆಯಿದೆ. ಅಚ್ಚು ಬದಲಿಸಿದಾಗಲೆಲ್ಲ ಸರಿದೂಗುವ ಮುನ್ನ 12 ತುಣುಕುಗಳು ಹಾಳಾಗುತ್ತವೆ ಎಂದುಕೊಂಡರೆ, 50,000 ತುಣುಕುಗಳ ಆರ್ಡರಿನಲ್ಲಿ ಅದು ಶೇ. 0.024 ಮಾತ್ರ, 500 ತುಣುಕುಗಳ ಜಾಬ್ ವರ್ಕ್‌ನಲ್ಲಿ ಶೇ. 2.4. ಲಾಭಾಂಶವೇ ತೆಳುವಾಗಿರುವ ಜಾಬ್ ವರ್ಕ್ ಮಾಡುವವರಿಗೆ ಇದು ಸಣ್ಣ ಅಂಕಿಯಲ್ಲ. ಪ್ರತಿ ಅಚ್ಚಿಗೂ ಕಲಿತದ್ದನ್ನು ಬೇರೆ ಬೇರೆಯಾಗಿ ಉಳಿಸಿಟ್ಟು ಅಚ್ಚು ಮರಳಿ ಏರಿದಾಗ ಅಲ್ಲಿಂದಲೇ ಮುಂದುವರಿಯುವ ಸೌಲಭ್ಯವಿದೆಯೇ, ವಿದ್ಯುತ್ ಹೋದಾಗ ಆ ದಾಖಲೆ ಉಳಿಯುತ್ತದೆಯೇ ಎಂಬುದನ್ನು ಖರೀದಿಗೆ ಮುನ್ನ ಲಿಖಿತವಾಗಿ ಕೇಳಿ ಪಡೆಯತಕ್ಕದ್ದು. ಖರೀದಿದಾರರು ಸ್ವಂತ ಅಚ್ಚು ಹಾಗೂ ಸ್ವಂತ ಕಚ್ಚಾ ಮಾಲಿನಲ್ಲಿಯೇ ಪ್ರಾತ್ಯಕ್ಷಿಕೆ ನೋಡಬೇಕು.

ಲೆಕ್ಕಪತ್ರದಲ್ಲಿ ಈ ಹಾಳಾದ ತುಣುಕುಗಳು ಎಲ್ಲಿ ಸೇರಬೇಕು? ಯಂತ್ರ ಸ್ಥಾಪಿಸುವಾಗ ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಿದ ವೆಚ್ಚವು, ಆ ತುಣುಕುಗಳ ಮಾರಾಟದಿಂದ ಬಂದ ನಿವ್ವಳ ಹಣವನ್ನು ಕಳೆದು, ಪರಿಷ್ಕೃತ ಎ.ಎಸ್. 10ರಂತೆ ಯಂತ್ರದ ಮೂಲಬೆಲೆಗೆ ಸೇರುತ್ತದೆ. ಉತ್ಪಾದನೆ ಪ್ರಾರಂಭವಾದ ನಂತರ ಅಚ್ಚು ಬದಲಾವಣೆಯಲ್ಲಿ ಆಗುವ ವಾಡಿಕೆಯ ನಷ್ಟ ಆಯಾ ಆರ್ಡರಿನ ಉತ್ಪಾದನಾ ವೆಚ್ಚ. ನಿಯಂತ್ರಕದ ನೆನಪು ಅಳಿಸಿಹೋಗಿ ವಾಡಿಕೆ ಮೀರಿ ಮಾಲು ಹಾಳಾದರೆ, ಎ.ಎಸ್. 2ರ ಪ್ರಕಾರ ಅದನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಆ ಅವಧಿಯ ಲಾಭ-ನಷ್ಟ ಖಾತೆಗೇ ಖರ್ಚು ಹಾಕಬೇಕು. ಅಚ್ಚುವಾರು ರಿಜೆಕ್ಷನ್ ಪುಸ್ತಕ ಇಲ್ಲದ ಘಟಕದಲ್ಲಿ ಈ ಮೂರನ್ನು ಬೇರ್ಪಡಿಸುವುದು ಲೆಕ್ಕಪರಿಶೋಧಕರಿಗೂ ಆಗದ ಕೆಲಸ.