ಅಂಗನವಾಡಿಯ ಆಟ: ತಯಾರಿಯ ಕೆಲವು ಪಾಠಗಳು

1. ಮಗು ಏನು ಮಾಡಬೇಕೆಂದಲ್ಲ, ಅದರ ಎದುರು ಏನಿಡಬೇಕೆಂದು ಬರೆಯಿರಿ

ವಿಷಯಕ್ಕೇನೂ ಬರವಿಲ್ಲ. ಇಲಾಖೆಯ ‘ಚಿಲಿಪಿಲಿ’ ಪುಸ್ತಕ ತೆಗೆದರೆ ತರಕಾರಿ, ಪ್ರಾಣಿ, ನಮ್ಮ ಮನೆ ಎಲ್ಲ ಸಿಗುತ್ತವೆ. ನನ್ನ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರೇ ಸಾಲು: ಯಾವ ಸಾಮಾನು, ಎಲ್ಲಿ ಇಡುವುದು, ಯಾವುದರ ಮೇಲೆ ಕಣ್ಣಿಡುವುದು. ‘ಮಕ್ಕಳು ಸಂತೆ ಆಟ ಆಡುವರು’ ಎಂದು ಬರೆದಿಟ್ಟರೆ, ಅವರು ಅದೇ ಬುಟ್ಟಿ ತಕ್ಕಡಿ ಹಿಡಿದು ತೂಕ ನೋಡುವ ಡಾಕ್ಟರ್ ಆದಾಗ ನಮಗೆ ಸಿಟ್ಟು ಬರುತ್ತದೆ. ಹೆಚ್ಚು ಕಡಿಮೆ ಎಂಬುದು ಡಾಕ್ಟರಾಟದಲ್ಲೂ ಕಲಿಯಲು ಸಿಗುತ್ತದಲ್ಲ!

2. ಆಟಕ್ಕೆ ಉದ್ದನೆಯ ಹೊತ್ತು ಬೇಕು

ಅಂಗಡಿಯವರು ಯಾರು, ಗಿರಾಕಿ ಯಾರು ಎಂಬ ಜಗಳಕ್ಕೇ ಹತ್ತು ನಿಮಿಷ ಹೋಗುತ್ತದೆ. ಆ ಜಗಳವೂ ಕಲಿಕೆಯೇ. ಕಾಲು ಗಂಟೆಗೊಮ್ಮೆ ಚಟುವಟಿಕೆ ಬದಲಿಸುವ ವೇಳಾಪಟ್ಟಿ ಗೋಡೆಗೆ ಚೆಂದ, ಮಕ್ಕಳಿಗಲ್ಲ. ಮುಕ್ಕಾಲು ಗಂಟೆ ಒಂದೇ ಪಟ್ಟಿಗೆ ಸಿಗುವಂತೆ ಹಾಲು ಮೊಟ್ಟೆಯ ಹೊತ್ತನ್ನು ಸಹಾಯಕಿಯ ಜೊತೆ ಕೂತು ಹೊಂದಿಸಿಕೊಳ್ಳಿ. ತೂಕ ನೋಡುವ ದಿನ, ಚುಚ್ಚುಮದ್ದಿನ ದಿನ ದೊಡ್ಡ ಆಟ ಇಟ್ಟುಕೊಳ್ಳಬೇಡಿ. ಆ ದಿನಗಳಿಗೆ ಹಾಡು, ಕೆರೆ-ದಡ ಸಾಕು.

3. ಎಣಿಕೆ ಬಾಯಲ್ಲಿದೆಯೋ ಕೈಯಲ್ಲಿದೆಯೋ ನೋಡಿ

ಇಪ್ಪತ್ತರವರೆಗೆ ಗಡಗಡನೆ ಹೇಳುವ ನಾಲ್ಕು ವರ್ಷದ ಹುಡುಗಿ ಸಂತೆ ಆಟದಲ್ಲಿ ಬದನೆಕಾಯಿ ಮಾರುತ್ತಿದ್ದಳು. ಬದನೆಕಾಯಿ ಎಂದರೆ ಬಾಟಲಿ ಮುಚ್ಚಳ. “ಐದು ಕೊಡಮ್ಮ” ಅಂದೆ. ಬೆರಳಿಟ್ಟು ಒಂದು, ಎರಡು ಎಂದು ಸರಿಯಾಗಿ ಐದರವರೆಗೆ ಎಣಿಸಿಟ್ಟಳು. “ಒಟ್ಟು ಎಷ್ಟಾಯ್ತು?” ಎಂದು ಕೇಳಿದರೆ ಮತ್ತೆ ಒಂದರಿಂದ ಶುರು! ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಅವಳಿಗಿನ್ನೂ ಹೊಳೆದಿರಲಿಲ್ಲ. ಈ ವಯಸ್ಸಿನಲ್ಲಿ ಅದು ಸಹಜ. ಆದರೆ ಸ್ಲೇಟಿನ ಮೇಲೆ 1ರಿಂದ 20 ಬರೆಸಿದ್ದರೆ ಈ ಸಂಗತಿ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ತಿದ್ದಲಿಲ್ಲ. ಮರುದಿನ ಹತ್ತು ರೂಪಾಯಿಗೆ ಮೂರು, ಇಪ್ಪತ್ತಕ್ಕೆ ಆರು ಎಂದು ಕಟ್ಟಿಡುವ ನಿಂಬೆಹಣ್ಣಿನ ಅಂಗಡಿ ಹಾಕಿಸಿದೆ. ಮೂರರ ಗುಂಪು ಕಟ್ಟುತ್ತಾ ಹೋದಂತೆ ‘ಮೂರು’ ಅನ್ನುವುದು ಅವಳ ಕೈಗೆ ಹತ್ತಿತು.

4. ಸಾಮಾನು ಊರಲ್ಲೇ ಸಿಗುತ್ತದೆ, ಆದರೆ ಸಿಕ್ಕಿದ್ದೆಲ್ಲ ಸಾಮಾನಲ್ಲ

ತೆಂಗಿನ ಚಿಪ್ಪು, ಮಣ್ಣು, ಹಳೇ ಸೀರೆ, ಖಾಲಿ ಬೆಂಕಿಪೊಟ್ಟಣ, ಒಡೆದ ಮೊರ. ದುಡ್ಡು ಕೊಟ್ಟು ತಂದ ಪ್ಲಾಸ್ಟಿಕ್ ಕಾರಿಗಿಂತ ಇವು ಹೆಚ್ಚು ದಿನ ಬಾಳುತ್ತವೆ; ಚಿಪ್ಪು ಇವತ್ತು ಪಾತ್ರೆ, ನಾಳೆ ಟೋಪಿ. ಬೀಜದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅಜ್ಜಿಯರ ಅಳಗುಳಿ ಮಣೆಯ ಡಬ್ಬಿಯಲ್ಲಿ ಗುಲಗಂಜಿ ಇದ್ದೀತು. ಕೆಂಪು ಕಪ್ಪು ಬಣ್ಣ ನೋಡಿದರೆ ಮಕ್ಕಳು ಬಾಯಿಗಿಡುತ್ತವೆ, ಅಗಿದು ನುಂಗಿದರೆ ಅದು ವಿಷ. ಹರಳು ಬೀಜವೂ ಅಷ್ಟೇ. ಹುಣಸೆ ಬೀಜ ವಿಷವಲ್ಲ, ಆದರೆ ಮೂಗಿಗೆ ತುರುಕಿಕೊಂಡ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ಚಿಕ್ಕವರಿಗೆ ಅವರ ಬಾಯೊಳಗೆ ಹೋಗದಷ್ಟು ದೊಡ್ಡವೇ ಸರಿ.

5. ಒಂದೇ ಕೋಣೆ, ಮೂರು ವಯಸ್ಸು

ಹದಿನಾಲ್ಕು ಗುಳಿಗಳ ಅಳಗುಳಿ ಮಣೆಯ ಮುಂದೆ ಐದೂವರೆ ವರ್ಷದವನು ಬೀಜ ಹಂಚುತ್ತಾ ಕೊನೆಯದು ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸುತ್ತಾನೆ. ಮೂರು ವರ್ಷದವಳಿಗೆ ಇನ್ನೊಂದು ಮಣೆ, ಬಾಯೊಳಗೆ ಹೋಗದಷ್ಟು ದೊಡ್ಡ ಕಲ್ಲು. ಗುಳಿಗೆ ಒಂದೊಂದು ಹಾಕಿ ಮತ್ತೆ ಸುರಿಯುವುದೇ ಅವಳ ಆಟ. ಅವಳಿಗೆ ನಿಯಮ ಹೇಳಿಕೊಡುವ ಕೆಲಸಕ್ಕೆ ಹೋಗಬೇಡಿ. ಅವನ ಪಕ್ಕ ಕೂತು ನೋಡನೋಡುತ್ತಾ ತಾನೇ ಹಿಡಿಯುತ್ತಾಳೆ.

6. “ಬರೀ ಆಟ ಆಡಿಸ್ತೀರಲ್ಲ ಟೀಚರ್, ಬರೆಸೋದು ಯಾವಾಗ?”

ಈ ಪ್ರಶ್ನೆ ಬಂದೇ ಬರುತ್ತದೆ. ಪಕ್ಕದ ಕಾನ್ವೆಂಟಿನ ಎಲ್‌ಕೆಜಿ ಮಗು ಎಬಿಸಿಡಿ ಬರೆಯುವಾಗ ಅಪ್ಪ ಅಮ್ಮನಿಗೆ ಕಳವಳ ಆಗದೇ ಇರುತ್ತದೆಯೇ? 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಐಸಿಡಿಎಸ್ ಯೋಜನೆ ಶುರುವಾದಾಗಲೇ ಅದರ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದಾಗಿತ್ತು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದವರಿಗೆ ಆಟವನ್ನೇ ಕಲಿಕೆಯ ತಳಹದಿ ಮಾಡಿದೆ. ಇದನ್ನು ಮೇಲ್ವಿಚಾರಕಿಗೆ ಹೇಳಬಹುದು, ತಾಯಂದಿರಿಗೆ ಹೇಳಿ ಉಪಯೋಗವಿಲ್ಲ. ಅವರನ್ನು ಕರೆದು ಕೂರಿಸಿ, ಮಗು ಹೂ ಪೋಣಿಸುವುದನ್ನು, ಜೇಡಿಮಣ್ಣಿನ ಹಾವು ಹೊಸೆಯುವುದನ್ನು ತೋರಿಸಿ. “ಪೆನ್ಸಿಲ್ ಹಿಡಿಯೋ ಬೆರಳಿಗೆ ಇದೇ ಕಸರತ್ತು ಅಮ್ಮಾ” ಅಂದರೆ ತಲೆಯಾಡಿಸುತ್ತಾರೆ. ಎಲ್ಲರೂ ಒಪ್ಪುತ್ತಾರೆಂದಲ್ಲ. ಕೆಲವರು ಜೂನ್‌ನಲ್ಲಿ ಕಾನ್ವೆಂಟಿಗೆ ಸೇರಿಸಿಯೇ ಬಿಡುತ್ತಾರೆ.

7. ಬರೆದಿಟ್ಟದ್ದು ನಾಳೆಯ ಕೆಲಸಕ್ಕೆ ಬರಬೇಕು

‘ಆಟ ಚೆನ್ನಾಗಿತ್ತು’ ಎಂಬ ಸಾಲಿನಿಂದ ಏನೂ ಹುಟ್ಟುವುದಿಲ್ಲ. ದಿನಕ್ಕೆ ನಾಲ್ಕೈದು ಮಕ್ಕಳನ್ನು ಮಾತ್ರ ಆರಿಸಿಕೊಂಡು, ಕಂಡದ್ದನ್ನು ಕಂಡಂತೆ ಬರೆಯಿರಿ: ‘ದೊಡ್ಡ ಚಿಪ್ಪಿನೊಳಗೆ ಚಿಕ್ಕ ಚಿಪ್ಪು ಕೂರಿಸಿದ. ಕತ್ತರಿ ಎಡಗೈಯಲ್ಲಿ ಹಿಡಿದ. ಗುಂಪಿನಿಂದ ಎದ್ದುಹೋದ.’ ಎಡಗೈಯವನಿಗೆ ಪಕ್ಕದವರ ಮೊಣಕೈ ತಾಗದಂತೆ ನಾಳೆ ಜಾಗ ಬದಲಿಸಬೇಕು, ಎದ್ದುಹೋದವನ ಜೊತೆ ಒಬ್ಬನನ್ನೇ ಕೂರಿಸಬೇಕು.

8. ಎತ್ತಿಡುವುದನ್ನೂ ಲೆಕ್ಕಕ್ಕೆ ಹಿಡಿಯಿರಿ

ಬೇಗ ಮುಗಿಯಲಿ ಎಂದು ನಾವೇ ಗುಡಿಸಿ ತುಂಬಿದರೆ ಒಳ್ಳೆಯ ವಿಂಗಡಣೆಯ ಪಾಠವೊಂದು ಕೈತಪ್ಪುತ್ತದೆ. ಡಬ್ಬಿಗಳ ಮೇಲೆ ಅಕ್ಷರ ಬೇಡ, ಒಳಗಿರುವ ಸಾಮಾನಿನ ಚಿತ್ರ ಅಂಟಿಸಿ. ಮುಚ್ಚಳ ಎಲ್ಲಿಗೆ, ಚಿಪ್ಪು ಎಲ್ಲಿಗೆ ಎಂದು ಅವರೇ ಹೊಂದಿಸುತ್ತಾರೆ. ಹತ್ತು ನಿಮಿಷ ಬೇಕು. ಅದನ್ನು ಊಟದ ಹೊತ್ತಿನಿಂದ ಕದಿಯದೆ ಆಟದ ಹೊತ್ತಿನಲ್ಲೇ ಸೇರಿಸಿಕೊಳ್ಳಿ.