ಅದೇ ಬ್ಯಾಟರಿ, ರಸ್ತೆಯಲ್ಲೊಂದು ಲೆಕ್ಕ, ನೀರಲ್ಲೊಂದು ಲೆಕ್ಕ

ಎಲೆಕ್ಟ್ರಿಕ್ ಕಾರಿನ ಬಗ್ಗೆ ಈಗ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಮಾತಿದೆ. ಕೆಲವರು ಕೊಂಡಾಗಿದೆ, ಕೆಲವರು ಇನ್ನೂ ಲೆಕ್ಕ ಹಾಕ್ತಿದ್ದಾರೆ. ಕಡಲು, ಸರೋವರದ ಪಕ್ಕದ ಊರುಗಳಲ್ಲಿ ಇರುವವರಿಗೆ ಇನ್ನೊಂದು ಪ್ರಶ್ನೆಯೂ ಏಳುತ್ತೆ. ಕಾರು ಬ್ಯಾಟರಿಯಲ್ಲಿ ಓಡುತ್ತೆ ಅಂದ್ರೆ ದೋಣಿ ಯಾಕೆ ಓಡಬಾರದು? ಅದರ ಬೆನ್ನಿಗೇ ಎರಡನೇ ಪ್ರಶ್ನೆ: ನೀರು, ಕರೆಂಟು ಎರಡನ್ನೂ ಒಟ್ಟಿಗೆ ಇಡೋದು ಅಪಾಯ ಅಲ್ವಾ? ಇವತ್ತು ಈ ಎರಡನ್ನೂ ನೋಡೋಣ.

ಮೊದಲು ಲೆಕ್ಕ. ಅಳತೆಗೆ ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟನ್ನೇ ಇಟ್ಟುಕೊಳ್ಳೋಣ. ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್-ಗಂಟೆ. ಸಾಧಾರಣ ಎಲೆಕ್ಟ್ರಿಕ್ ಕಾರು 100 ಕಿಲೋಮೀಟರಿಗೆ 15ರಿಂದ 20 ಯೂನಿಟ್ ಬಳಸುತ್ತೆ. ಬ್ಯಾಟರಿ 60 ಯೂನಿಟ್ಟಿನದಾದರೆ 300 ಕಿಲೋಮೀಟರಿಗೆ ಮೋಸವಿಲ್ಲ. ಇದು ಸಾಧ್ಯವಾಗೋದು ಯಾಕೆಂದರೆ, ಸಮತಟ್ಟಾದ ರಸ್ತೆಯಲ್ಲಿ ಒಮ್ಮೆ ವೇಗ ಹಿಡಿದ ಕಾರಿಗೆ ಎದುರಾಳಿಗಳು ಇಬ್ಬರೇ: ಟೈರಿನ ಘರ್ಷಣೆ ಮತ್ತು ಗಾಳಿ. ಕಾಲು ತೆಗೆದರೂ ಕಾರು ಉರುಳ್ತಾ ಹೋಗುತ್ತೆ. ಬ್ರೇಕ್ ಹಾಕಿದಾಗ ಒಂದಿಷ್ಟು ಶಕ್ತಿ ಬ್ಯಾಟರಿಗೇ ವಾಪಸ್ ಬರುತ್ತೆ.

ದೋಣಿಗೆ ಈ ಭಾಗ್ಯ ಇಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಥ್ರಾಟಲ್ ಬಿಟ್ಟ ಕೂಡಲೇ ದೋಣಿಯ ವೇಗ ಬಿದ್ದುಹೋಗುತ್ತೆ, ವಾಪಸ್ ಪಡೆಯೋಕೆ ಏನೂ ಉಳಿದಿರಲ್ಲ. ನೀರಿನ ಮೇಲೆ ಎಗರಿಕೊಂಡು ಹೋಗುವ ವೇಗದ ಬೋಟುಗಳಲ್ಲಿ 100 ಅಶ್ವಶಕ್ತಿಯ, ಅಂದರೆ 75 ಕಿಲೋವ್ಯಾಟಿನ ಮೋಟಾರು ಸಾಮಾನ್ಯ. ಅದನ್ನು ಪೂರ್ತಿ ಒತ್ತಿ ಹಿಡಿದರೆ ಅದೇ 60 ಯೂನಿಟ್ಟಿನ ಬ್ಯಾಟರಿ 48 ನಿಮಿಷದಲ್ಲಿ ಖಾಲಿ. ಪೆಟ್ರೋಲಿನ ಜೊತೆ ಹೋಲಿಸಿ ನೋಡಿ. ಒಂದು ಲೀಟರಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಶಾಖವಾಗಿ ಹಾಳುಮಾಡಿದರೂ 100 ಲೀಟರಿನ ಟ್ಯಾಂಕಿನಿಂದ 225 ಯೂನಿಟ್ ಕೆಲಸ ಸಿಗುತ್ತೆ. ಆ ಪೆಟ್ರೋಲಿನ ತೂಕ 75 ಕೆಜಿ. ಅಷ್ಟೇ ಕೆಲಸ ಕೊಡುವ ಬ್ಯಾಟರಿಯ ತೂಕ ಒಂದು ಟನ್ನಿಗೂ ಮೀರುತ್ತೆ.

ಹಾಗಾದ್ರೆ ವಿದ್ಯುತ್ ದೋಣಿ ಆಗದ ಮಾತಾ? ಅಲ್ಲ. ವೇಗ ಕಮ್ಮಿ ಮಾಡಿ, ಲೆಕ್ಕ ತಲೆಕೆಳಗಾಗುತ್ತೆ. ನೀರನ್ನು ಸೀಳಿಕೊಂಡು ನಿಧಾನ ಸಾಗುವ ದೋಣಿಗೆ ಬೇಕಾದ ಪವರ್ ಸುಮಾರಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ವೇಗ ಅರ್ಧ ಮಾಡಿದರೆ ಪವರ್ ಎಂಟನೇ ಒಂದು ಭಾಗ ಸಾಕು. ಅದೇ ದೂರಕ್ಕೆ ಎರಡು ಪಟ್ಟು ಹೊತ್ತು ಬೇಕಾದರೂ ಒಟ್ಟು ಖರ್ಚು ಕಾಲು ಭಾಗಕ್ಕೆ ಇಳಿಯುತ್ತೆ. ಅಂದರೆ ಅದೇ ಬ್ಯಾಟರಿಯಲ್ಲಿ ನಾಲ್ಕು ಪಟ್ಟು ದೂರ! ಕೇರಳದ ವೈಕಂನಿಂದ ವೆಂಬನಾಡ್ ಕಾಯಲನ್ನು ದಾಟಿಸುವ 'ಆದಿತ್ಯ' ದೋಣಿ 2017ರಿಂದ ಮಾಡ್ತಿರೋದು ಇದನ್ನೇ. 75 ಜನರನ್ನು ಹೊರುವ ಆ ದೋಣಿಯ ಚಾವಣಿ ಮೇಲೆ 20 ಕಿಲೋವ್ಯಾಟಿನ ಸೌರ ಫಲಕಗಳಿವೆ. ಒಳಗಿರುವ ಬ್ಯಾಟರಿ ಬರೀ 50 ಯೂನಿಟ್ಟಿನದು. ನಮ್ಮಲ್ಲಿ ಹಲವರ ಕಾರಿನ ಬ್ಯಾಟರಿ ಅದಕ್ಕಿಂತ ದೊಡ್ಡದಿದೆ.

ವೇಗವೂ ಬೇಕು ಅನ್ನುವವರು ಕಂಡುಕೊಂಡ ದಾರಿ, ದೋಣಿಯನ್ನೇ ನೀರಿನಿಂದ ಮೇಲೆತ್ತೋದು. ಸ್ವೀಡನ್ನಿನ ಕ್ಯಾಂಡೆಲಾ ಕಂಪನಿಯ ಸಿ-8 ಬೋಟಿನ ಅಡಿಯಲ್ಲಿ ರೆಕ್ಕೆಗಳಿವೆ. ವೇಗ ಹಿಡಿದಾಗ ಅವು ಇಡೀ ಬೋಟನ್ನು ನೀರಿನ ಮೇಲಕ್ಕೆ ಎತ್ತುತ್ತವೆ, ಎಳೆತ ಸಹಿಸಬೇಕಾದದ್ದು ಆ ತೆಳು ರೆಕ್ಕೆಗಳು ಮಾತ್ರ. ಕಾರಿಗೆಂದೇ ಮಾಡಿದ 69 ಯೂನಿಟ್ಟಿನ ಬ್ಯಾಟರಿಯಲ್ಲಿ ಅದು ಸುಮಾರು 105 ಕಿಲೋಮೀಟರ್ ಹೋಗುತ್ತೆ ಅಂತ ಕಂಪನಿ ಹೇಳುತ್ತೆ. ದೋಣಿಗಳ ಲೋಕದಲ್ಲಿ ಇದು ಭಾರೀ ಸಾಧನೆ. ಆದರೂ ಕಾರಿನ ಮುಂದೆ ಕಾಲು ಭಾಗ ಅಷ್ಟೇ, ಗಮನಿಸಿ.

ನಮ್ಮ ಪ್ರಕಾರ ಬ್ಯಾಟರಿಗೆ ನಿಜವಾಗಿ ಹೊಂದುವ ಕೆಲಸ ಫೆರ್ರಿಯದು. ದಾರಿ ನಿಶ್ಚಿತ, ದೂರ ಕಮ್ಮಿ, ಎರಡೂ ದಡದಲ್ಲಿ ಪ್ಲಗ್ ಇಡಬಹುದು. ನಾರ್ವೆಯ 'ಆಂಪಿಯರ್' 2015ರಲ್ಲಿ ಸಂಚಾರ ಶುರುಮಾಡಿತು. ಕಾರುಗಳನ್ನು ಸಾಗಿಸುವ ದೊಡ್ಡ ಫೆರ್ರಿಗಳಲ್ಲಿ ಪೂರ್ತಿ ಬ್ಯಾಟರಿಯಲ್ಲಿ ಓಡಿದ ಮೊದಲನೆಯದು ಅದು. 120 ಕಾರು, 360 ಜನರನ್ನು ಹೊತ್ತು ಸೋಗ್ನೆ ಫ್ಯೋರ್ಡನ್ನು 20 ನಿಮಿಷದಲ್ಲಿ ದಾಟುತ್ತಿತ್ತು. ದಡದಲ್ಲಿ ನಿಲ್ಲುವ ಹತ್ತು ನಿಮಿಷದಲ್ಲೇ ಚಾರ್ಜ್ ಆಗಬೇಕಿತ್ತು, ಆದರೆ ಅಲ್ಲಿನ ಚಿಕ್ಕ ಹಳ್ಳಿಗಳ ಲೈನಿಗೆ ಅಷ್ಟು ಕರೆಂಟನ್ನು ಒಂದೇ ಸಲ ಕೊಡುವ ತಾಕತ್ತಿರಲಿಲ್ಲ. ಅದಕ್ಕೆ ಎರಡೂ ದಡದಲ್ಲಿ ಬೇರೆ ಬ್ಯಾಟರಿಗಳನ್ನು ಇಟ್ಟರು. ಬೆಂಗಳೂರಿನ ಮನೆಗಳಲ್ಲಿ ನಲ್ಲಿಯ ಸಣ್ಣ ಧಾರೆಯಿಂದ ಸಂಪು ತುಂಬಿಸಿಕೊಂಡು, ಬೇಕಾದಾಗ ಪಂಪ್ ಹಾಕಿ ಒಂದೇ ಏಟಿಗೆ ಎತ್ತುತ್ತೀವಲ್ಲ, ಹಾಗೇ.

ಈಗ ಸುರಕ್ಷತೆ. ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಬಿದ್ದ ವಿಡಿಯೊ ವಾಟ್ಸಾಪಿನಲ್ಲಿ ಬೇಗ ಹರಡುತ್ತೆ. ಅಂಕಿಅಂಶ ಬೇರೆ ಮಾತು ಹೇಳುತ್ತೆ. ಸ್ವೀಡನ್ ಸರ್ಕಾರದ ಸಂಸ್ಥೆಯ 2022ರ ಲೆಕ್ಕದಲ್ಲಿ ಸುಮಾರು 6,11,000 ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ 23ಕ್ಕೆ ಬೆಂಕಿ ಬಿದ್ದಿತ್ತು; 44 ಲಕ್ಷ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಸುಮಾರು 3,400ಕ್ಕೆ. ಪೆಟ್ರೋಲ್ ಕಾರುಗಳಲ್ಲಿ ಹಳೆಯವು ಜಾಸ್ತಿ ಅನ್ನೋದನ್ನೂ ಇಲ್ಲಿ ನೆನಪಿಡಬೇಕು. ಪೆಟ್ರೋಲ್ ದೋಣಿಯೇನೂ ಸಾಧು ಪ್ರಾಣಿಯಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದ ತಗ್ಗಿನಲ್ಲಿ ಸೇರಿಕೊಂಡು ಒಂದು ಕಿಡಿಗೆ ಸಿಡಿಯುತ್ತೆ. ಎಂಜಿನ್ ಶುರುಮಾಡುವ ಮುಂಚೆ ನಾಲ್ಕು ನಿಮಿಷ ಬ್ಲೋವರ್ ಹಾಕಿ ಅಂತ ಅಮೆರಿಕದಲ್ಲಿ ದೋಣಿ ಓಡಿಸುವವರಿಗೆ ಕಲಿಸೋದು ಇದಕ್ಕೇ.

ಲಿಥಿಯಂ ಬ್ಯಾಟರಿಯ ಅಪಾಯ ಅಪರೂಪ, ಆದರೆ ಅದರ ರೀತಿ ಬೇರೆ. ಒಂದು ಸೆಲ್ ಮಿತಿಮೀರಿ ಕಾದರೆ ಅದರ ಬಿಸಿಗೆ ಪಕ್ಕದ್ದು, ಅದರ ಬಿಸಿಗೆ ಇನ್ನೊಂದು, ಹೀಗೆ ಸರಪಳಿ ಹತ್ತಿಕೊಳ್ಳುತ್ತೆ. ಇದನ್ನು ಥರ್ಮಲ್ ರನ್‌ಅವೇ ಅಂತಾರೆ. ಆಗ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಹೊರಬರುತ್ತವೆ. ರಸ್ತೆಯಲ್ಲಿ ಕಾರಿನಿಂದ ಇಳಿದು ದೂರ ಓಡಬಹುದು, ಅನಿಲವೂ ಗಾಳಿಯಲ್ಲಿ ಚದುರುತ್ತೆ. ಹಡಗಿನಲ್ಲಿ ಬ್ಯಾಟರಿ ಇರೋದು ಮುಚ್ಚಿದ ಕೋಣೆಯಲ್ಲಿ. 2019ರ ಅಕ್ಟೋಬರಿನಲ್ಲಿ ನಾರ್ವೆಯ 'ಇತ್ತರೊಯ್ನಿಂಗೆನ್' ಫೆರ್ರಿಯ ಬ್ಯಾಟರಿ ಕೋಣೆಗೆ ಬೆಂಕಿ ಬಿತ್ತು. ಬ್ಯಾಟರಿ ತಂಪುಮಾಡುವ ದ್ರವ ಸೋರಿದ್ದು ಕಾರಣವಾಗಿತ್ತು. ಫೆರ್ರಿ ದಡ ಸೇರಿತು, ಎಲ್ಲರೂ ಇಳಿದರು. ಆದರೆ ಮರುದಿನ, ಒಳಗೆ ಸೇರಿಕೊಂಡಿದ್ದ ಅನಿಲ ಸ್ಫೋಟಿಸಿತು. ಬೆಂಕಿ ಆರಿತು ಅಂದ ಮಾತ್ರಕ್ಕೆ ಬ್ಯಾಟರಿ ಶಾಂತವಾಯಿತು ಅಂತ ಅಲ್ಲ. ಹಾಗಾಗಿ ದೋಣಿ ಕೊಳ್ಳುವಾಗ ಎಷ್ಟು ಕಿಲೋಮೀಟರ್ ಹೋಗುತ್ತೆ ಅನ್ನುವ ಮುಂಚೆ, ಬ್ಯಾಟರಿಯ ಅನಿಲ ಹೊರಹೋಗಲು ದಾರಿ ಎಲ್ಲಿದೆ ಅಂತ ಕೇಳಿ.

ಉಪ್ಪುನೀರು ಇನ್ನೊಂದು ಶತ್ರು. 2022ರಲ್ಲಿ ಇಯಾನ್ ಚಂಡಮಾರುತಕ್ಕೆ ಸಿಕ್ಕ ಫ್ಲಾರಿಡಾದಲ್ಲಿ ಕಡಲ ನೀರಲ್ಲಿ ಮುಳುಗಿದ್ದ ಕೆಲವು ಎಲೆಕ್ಟ್ರಿಕ್ ಕಾರುಗಳು ನೀರು ಇಳಿದ ಮೇಲೆ ಹೊತ್ತಿಕೊಂಡವು. ಉಪ್ಪುನೀರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತೆ; ನೀರು ಒಣಗಿದರೂ ಉಪ್ಪು ಉಳಿದು ಲೋಹ ತಿನ್ನುತ್ತೆ, ಶಾರ್ಟ್ ಆಗುತ್ತೆ. ಅಂಥ ಕಾರನ್ನು ಮನೆಗೆ ತಾಗಿದ ಗ್ಯಾರೇಜಿನಲ್ಲಿ ಇಡಲೇಬಾರದು. ಹೊರಗೆ, ಬಯಲಿನಲ್ಲಿ ಬಿಟ್ಟು ಕಂಪನಿಯವರನ್ನು ಕರೆಸಿ.

ಮನುಷ್ಯರ ವಿಷಯಕ್ಕೆ ಬಂದರೆ ಇದು ಉಲ್ಟಾ. ದಡದ ವೈರಿಂಗ್ ಕೆಟ್ಟು ಎಸಿ ಕರೆಂಟು ನೀರಿಗೆ ಸೋರಿದರೆ, ಉಪ್ಪುನೀರಿಗಿಂತ ಸಿಹಿನೀರೇ ಈಜುವವರಿಗೆ ಹೆಚ್ಚು ಅಪಾಯ. ಉಪ್ಪುನೀರಲ್ಲಿ ಕರೆಂಟು ದೇಹವನ್ನು ಬಳಸಿಕೊಂಡು ಹೋಗುತ್ತೆ. ಸಿಹಿನೀರಿಗೆ ಹೋಲಿಸಿದರೆ ನಮ್ಮ ದೇಹವೇ ಒಳ್ಳೆಯ ವಾಹಕ, ಹಾಗಾಗಿ ನಮ್ಮೊಳಗೇ ದಾರಿ ಮಾಡಿಕೊಳ್ಳುತ್ತೆ. ಕೈಕಾಲು ಸೆಟೆದು ಒಳ್ಳೆ ಈಜುಗಾರರೂ ಸದ್ದಿಲ್ಲದೆ ಮುಳುಗುತ್ತಾರೆ. ಇದು ವಿದ್ಯುತ್ ದೋಣಿ ಬರುವ ಮುಂಚಿನಿಂದಲೂ ಇರುವ ಅಪಾಯ; ದೋಣಿಯ ಫ್ರಿಜ್ಜಿಗೆ ದಡದಿಂದ ಎಳೆದ ವೈರೂ ಸಾಕು. ಈಗ ಚಾರ್ಜರುಗಳು ಹೆಚ್ಚುತ್ತಿವೆ ಅಷ್ಟೆ. ಊರಲ್ಲಿ ಎಲೆಕ್ಟ್ರಿಷಿಯನ್ನರು ಇಎಲ್‌ಸಿಬಿ ಅಂತಾರಲ್ಲ, ಕರೆಂಟ್ ಸೋರಿದರೆ ತಾನೇ ಟ್ರಿಪ್ ಆಗುವ ಆ ಸ್ವಿಚ್ಚು ಜೆಟ್ಟಿಯಲ್ಲಿ ಇರಲೇಬೇಕು.

ಬೇಸಿಗೆ ರಜೆಗೆ ಮಕ್ಕಳ ಜೊತೆ ಸರೋವರಕ್ಕೆ ಹೋದರೆ, ದೋಣಿ ನಿಲ್ಲಿಸಿ ಚಾರ್ಜ್ ಮಾಡುವ ಜಾಗದ ಹತ್ತಿರ ಯಾರನ್ನೂ ನೀರಿಗೆ ಇಳಿಸಬೇಡಿ. ಈಜುವಾಗ ಮೈ ಜುಮ್ಮೆಂದರೆ ಜೆಟ್ಟಿಯ ಕಬ್ಬಿಣದ ಏಣಿ ಹಿಡಿಯೋಕೆ ಹೋಗಬೇಡಿ, ಬಂದ ದಾರಿಯಲ್ಲೇ ದೂರ ಸರಿಯಿರಿ. ಯಾರಾದರೂ ಒದ್ದಾಡುತ್ತಿದ್ದರೆ ಹಿಂದೆಯೇ ಹಾರಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿ, ಹಗ್ಗವನ್ನೋ ತೇಲುವ ಟ್ಯೂಬನ್ನೋ ಎಸೆಯಿರಿ, ತುರ್ತು ಸಹಾಯಕ್ಕೆ ಫೋನ್ ಮಾಡಿ.