ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್: ಖರ್ಚು ಜಾಲರಿಗೆ, ಉಳಿತಾಯ ಉಳಿದದ್ದರಲ್ಲಿ

ಗೃಹಪ್ರವೇಶದ ತಾಂಬೂಲದ ಚೀಲ, ಓಣಿಯ ಗಣೇಶೋತ್ಸವ ಸಮಿತಿಯ ಟೀ ಶರ್ಟು, ಶಾಲೆಯ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ. ಒಂದೇ ಚಿತ್ರ, ಒಂದೆರಡು ಬಣ್ಣ, ಐವತ್ತರಿಂದ ನೂರು ಪ್ರತಿ. ಇಂಥ ಕೆಲಸವನ್ನು ಯಂತ್ರದ ಹಂಗಿಲ್ಲದೆ ಮನೆಯ ಮೇಜಿನ ಮೇಲೆಯೇ ಮುಗಿಸಿಕೊಳ್ಳಲು ಸ್ಕ್ರೀನ್ ಪ್ರಿಂಟಿಂಗ್ ಬಹಳ ಅನುಕೂಲ. ಆದರೆ ಹೊಸಬರು ಕೈಯಲ್ಲಿರುವ ಅಲ್ಪ ಹಣವನ್ನು ಸಾಮಾನ್ಯವಾಗಿ ತಪ್ಪು ಜಾಗಕ್ಕೆ ಸುರಿಯುತ್ತಾರೆ. ಹತ್ತು ಬಣ್ಣದ ಡಬ್ಬಿ, ದೀಪ ಜೋಡಿಸಿದ ಎಕ್ಸ್‌ಪೋಸಿಂಗ್ ಪೆಟ್ಟಿಗೆ ಎಲ್ಲ ಕೊಂಡು, ಚೌಕಟ್ಟಿಗೆ ಮಾತ್ರ ಹಳೆಯ ಪರದೆ ಬಟ್ಟೆ ಬಿಗಿಯುತ್ತಾರೆ. ಆಗಬೇಕಾದದ್ದು ಇದರ ತದ್ವಿರುದ್ಧ. ಇಲ್ಲಿ ಜಿಪುಣತನ ಸಲ್ಲದ ವಸ್ತು ಮುಖ್ಯವಾಗಿ ಒಂದೇ, ಅದು ಜಾಲರಿ. ಉಳಿದ ಬಹುಪಾಲು ಮನೆಯಲ್ಲಿರುವುದರಲ್ಲೇ ನಡೆದುಹೋಗುತ್ತದೆ.

ಕಾರಣ ಮುದ್ರಣ ನಡೆಯುವ ರೀತಿಯಲ್ಲೇ ಇದೆ. ಜಾಲರಿ ಬಟ್ಟೆಗೆ ಪೂರ್ತಿ ಅಂಟಿಕೊಂಡಿರಬಾರದು, ನಡುವೆ ಎರಡು ಮೂರು ಮಿಲಿಮೀಟರ್ ಅಂತರ ಇರಬೇಕು. ಚೌಕಟ್ಟಿನ ಮೂಲೆಗಳ ಕೆಳಗೆ ಒಂದೊಂದು ನಾಣ್ಯ ಅಂಟಿಸಿದರೆ ಸಾಕು. ಬಣ್ಣ ಎಳೆಯುವ ಸಾಧನವಾದ ಸ್ಕ್ವೀಜಿಯ ರಬ್ಬರ್ ಅಂಚು ಒತ್ತಿಕೊಂಡು ಸಾಗಿದಂತೆ ಆ ಗೆರೆಯಷ್ಟೇ ಜಾಗದಲ್ಲಿ ಜಾಲರಿ ಕೆಳಗೆ ಮುಟ್ಟಿ, ಬಣ್ಣ ಬಿಟ್ಟು, ತಕ್ಷಣ ಮೇಲೆದ್ದು ಬಿಡಬೇಕು. ಸಡಿಲ ಜಾಲರಿ ಮೇಲೇಳುವುದಿಲ್ಲ. ಬಟ್ಟೆಗೆ ಅಂಟಿಕೊಂಡೇ ಸರಿದಾಡಿ ಅಕ್ಷರದ ಅಂಚನ್ನು ಕೆಡಿಸುತ್ತದೆ. ಆ ದೋಷವನ್ನು ದುಬಾರಿ ಬಣ್ಣವೂ ಮುಚ್ಚಲಾರದು. ಪರದೆ ಬಟ್ಟೆಯಲ್ಲೂ ಮುದ್ರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ದಪ್ಪ ಆಕಾರದ ನಾಲ್ಕಾರು ಪ್ರತಿಗೆ ಆದೀತು. ಆದರೆ ಅದರ ಎಳೆಗಳ ನಡುವಿನ ಕಿಂಡಿಗಳು ಸಮನಾಗಿರುವುದಿಲ್ಲ, ನೈಲಾನ್ ಆಗಿದ್ದರೆ ಒದ್ದೆಯಾದಾಗ ಹಿಗ್ಗುತ್ತದೆ. ಪಾಲಿಯೆಸ್ಟರ್ ನೀರನ್ನು ಹೀರುವುದೇ ಅಪರೂಪ. ಹಾಗಾಗಿ ಸ್ಕ್ರೀನ್ ಪ್ರಿಂಟಿಂಗ್ ಸಾಮಗ್ರಿಯ ಅಂಗಡಿಯಲ್ಲಿ ಪಾಲಿಯೆಸ್ಟರ್ ‘ಬೋಲ್ಟಿಂಗ್ ಕ್ಲಾತ್’ ಎಂದು ಕೇಳಿ. ಚೀಲ, ಟೀ ಶರ್ಟುಗಳಿಗೆ ಸೆಂಟಿಮೀಟರಿಗೆ 43 ಎಳೆ, ಅಂದರೆ ಇಂಚಿಗೆ ಸುಮಾರು 110 ಎಳೆ ಇರುವುದು ಸರಿ. ಕಾಗದದ ಮೇಲೆ ಸಣ್ಣ ಅಕ್ಷರ ಬೇಕಿದ್ದರೆ 77 ಅಥವಾ 90.

ಚೌಕಟ್ಟಿಗೆ ಒಣಗಿದ, ನೆಟ್ಟಗಿರುವ ಯಾವ ಮರವಾದರೂ ಆದೀತು. ಗಟ್ಟಿಮುಟ್ಟಾದ ಹಳೆಯ ಫೋಟೊ ಫ್ರೇಮೂ ಬರುತ್ತದೆ. ಒಳ ಅಳತೆ ಚಿತ್ರಕ್ಕಿಂತ ನಾಲ್ಕೂ ಕಡೆ ಎರಡೆರಡು ಇಂಚು ದೊಡ್ಡದಿರಲಿ. ಮರ ನೀರು ಕುಡಿದು ಸೊಟ್ಟಗಾಗದಂತೆ ವಾರ್ನಿಷ್ ಹಚ್ಚಿ. ಜಾಲರಿಯನ್ನು ಮೊದಲು ನಾಲ್ಕು ಬದಿಗಳ ಮಧ್ಯಕ್ಕೆ ಸ್ಟೇಪಲ್ ಹೊಡೆದು, ಅಲ್ಲಿಂದ ಮೂಲೆಗಳತ್ತ ಎದುರುಬದುರು ಬದಿಯಲ್ಲಿ ಎಳೆದೆಳೆದು ಬಿಗಿಯಿರಿ. ಬೆರಳಿನಿಂದ ತಟ್ಟಿದರೆ ಕಾಯಿಸಿದ ತಮಟೆಯಂತೆ ಸದ್ದು ಬರಬೇಕು. ಮಂಕಾಗಿ ಕೇಳಿದರೆ ಕಿತ್ತು ಮತ್ತೆ ಬಿಗಿಯಿರಿ. ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ತೆಗೆದು ಒಣಗಿಸಿ.

ಮೊದಲ ಪ್ರಯೋಗಕ್ಕೆ ರಾಸಾಯನಿಕ ಬೇಡವೇ ಬೇಡ. ತೆಳು ಕಾಗದದಲ್ಲಿ ಆಕಾರ ಕತ್ತರಿಸಿ ಜಾಲರಿಯ ಅಡಿಗೆ ಇಟ್ಟು ಒಮ್ಮೆ ಬಣ್ಣ ಎಳೆದರೆ, ಆ ಬಣ್ಣವೇ ಕಾಗದವನ್ನು ಜಾಲರಿಗೆ ಅಂಟಿಸಿಕೊಳ್ಳುತ್ತದೆ. ಹತ್ತಾರು ಪ್ರತಿ ಬರುವಷ್ಟರಲ್ಲಿ ಕೈಗೆ ಸ್ಕ್ವೀಜಿಯ ಹದ ಸಿಕ್ಕಿರುತ್ತದೆ. ಕನ್ನಡ ಅಕ್ಷರಗಳ ಒತ್ತು, ಗುಣಿತದ ಬಳುಕು ಮಾತ್ರ ಕತ್ತರಿಗೆ ಒಗ್ಗುವುದು ಕಷ್ಟ. ಆಗ ಫೋಟೊ ಎಮಲ್ಷನ್, ಅಂದರೆ ಬೆಳಕು ಬಿದ್ದ ಕಡೆ ಗಟ್ಟಿಯಾಗುವ ಲೇಪನ, ಬೇಕು. ಇಲ್ಲಿ ಅಗ್ಗದ ಆಸೆಗೆ ಬೀಳಬೇಡಿ ಎಂದು ಒತ್ತಿ ಹೇಳಬೇಕಾಗಿದೆ. ಕಡಿಮೆ ಬೆಲೆಗೆ ಸಿಗುವ ಡೈಕ್ರೋಮೇಟ್ ಸೆನ್ಸಿಟೈಸರ್‌ನಲ್ಲಿರುವುದು ಕ್ಯಾನ್ಸರ್‌ಕಾರಕ ಕ್ರೋಮಿಯಂ. ಅದು ಚರ್ಮಕ್ಕೂ ಕೆಟ್ಟದ್ದು, ತೊಳೆದ ನೀರು ಸೇರುವ ಮಣ್ಣಿಗೂ ಬಾವಿಗೂ ಕೆಟ್ಟದ್ದು. ಬಿಸಿಲು ತುಸು ಹೆಚ್ಚು ಹೊತ್ತು ಬೇಕಾದರೂ ಡಯಾಜೊ ಎಮಲ್ಷನ್ ಕೊಳ್ಳಿ. ಮಕ್ಕಳು ಓಡಾಡುವ ಮನೆಯಲ್ಲಿ ಬೇರೆ ಆಯ್ಕೆಯೇ ಇಲ್ಲ.

ಮಂದ ಹಳದಿ ಬೆಳಕಿನಲ್ಲಿ ಎಮಲ್ಷನ್ನನ್ನು ಎರಡೂ ಬದಿಗೆ ತೆಳ್ಳಗೆ ಎಳೆದು, ಕತ್ತಲಲ್ಲಿ ಮಲಗಿಸಿ ಒಣಗಿಸಿ. ಚಿತ್ರವನ್ನು ಲೇಸರ್ ಪ್ರಿಂಟರಿನಲ್ಲಿ ಕಡುಕಪ್ಪಾಗಿ ಟ್ರೇಸಿಂಗ್ ಹಾಳೆಗೆ ಇಳಿಸಿ. ಬೆಳಕಿಗೆ ಹಿಡಿದಾಗ ಕಪ್ಪು ತೆಳುವೆನಿಸಿದರೆ ಎರಡು ಹಾಳೆಗಳನ್ನು ಕರಾರುವಾಕ್ಕಾಗಿ ಒಂದರ ಮೇಲೊಂದು ಅಂಟಿಸಿ. ದೀಪದ ಪೆಟ್ಟಿಗೆಗೆ ಬದಲಾಗಿ ನಮ್ಮ ನಾಡಿನ ಮಧ್ಯಾಹ್ನದ ಬಿಸಿಲೇ ಇದೆ. ಬಿಸಿಲಿನ ತೀಕ್ಷ್ಣತೆ ದಿನಕ್ಕೊಂದು ಥರ ಇರುತ್ತದೆ, ಅದನ್ನು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ಪರೀಕ್ಷಾ ಪಟ್ಟಿ. ಸಣ್ಣದೊಂದು ಸ್ಕ್ರೀನಿನ ಮೇಲೆ ಚಿತ್ರ, ಅದರ ಮೇಲೆ ಗಾಜು ಇಟ್ಟು, ರಟ್ಟಿನಿಂದ ಮುಚ್ಚಿ. ಅರ್ಧ ನಿಮಿಷಕ್ಕೊಮ್ಮೆ ರಟ್ಟನ್ನು ಒಂದೊಂದು ಇಂಚು ಸರಿಸುತ್ತ ಎಂಟು ಪಟ್ಟೆಗಳಿಗೆ ಬಿಸಿಲು ತೋರಿಸಿ, ನೀರಿನಲ್ಲಿ ತೊಳೆಯಿರಿ. ಬಿಸಿಲು ಸಾಲದ ಪಟ್ಟೆಯಲ್ಲಿ ಎಮಲ್ಷನ್ ಪೂರ್ತಿ ಕೊಚ್ಚಿಹೋಗುತ್ತದೆ. ಹೆಚ್ಚಾದ ಕಡೆ ಸಣ್ಣ ಗೆರೆಗಳು ತೆರೆದುಕೊಳ್ಳುವುದೇ ಇಲ್ಲ. ಅಂಚು ಸ್ವಚ್ಛವಾಗಿ ಮೂಡಿದ ಪಟ್ಟೆಯ ಹೊತ್ತೇ ಆ ದಿನದ ಅಳತೆ. ಅದೇ ಬಿಸಿಲಿರುವಾಗಲೇ ದೊಡ್ಡ ಸ್ಕ್ರೀನನ್ನೂ ಮುಗಿಸಿ. ಒಳಬದಿಗೆ ಕಪ್ಪು ಬಟ್ಟೆ ಇಡುವುದನ್ನು ಮರೆಯಬೇಡಿ.

ಹೊಸ ಬಟ್ಟೆಯ ಗಂಜಿ ಹೋಗುವಂತೆ ಮೊದಲೇ ಒಗೆದಿಡಿ. ನೀರಿನಲ್ಲಿ ಬೆರೆಯುವ ಪಿಗ್ಮೆಂಟ್ ಬಣ್ಣ ಮತ್ತು ಬೈಂಡರ್ ಸಾಕು, ಆರಂಭಕ್ಕೆ ಕಪ್ಪೊಂದೇ ಇದ್ದರೂ ನಡೆದೀತು. ಫ್ಯಾನ್ ನಿಲ್ಲಿಸಿ. ಸ್ಕ್ವೀಜಿಯನ್ನು 45 ಡಿಗ್ರಿಗಿಂತ ತುಸು ನೆಟ್ಟಗೆ ಹಿಡಿದು ಒಂದೇ ಒತ್ತಡದಲ್ಲಿ ಎಳೆಯಿರಿ. ಪ್ರತಿ ಸಲವೂ ಚೌಕಟ್ಟನ್ನು ಎತ್ತಿ ಒತ್ತದೆ ಹಗುರವಾಗಿ ಬಣ್ಣ ಹರಡಿ ಬಿಟ್ಟರೆ ಕಿಂಡಿಗಳು ಒಣಗಿ ಕಟ್ಟಿಕೊಳ್ಳುವುದಿಲ್ಲ. ಒಂದು ದಿನ ಒಣಗಿದ ಮೇಲೆ ತೆಳು ಬಟ್ಟೆ ಹೊದಿಸಿ, ಹತ್ತಿಯ ಶಾಖಕ್ಕೆ ಇಸ್ತ್ರಿ ಇಟ್ಟು ಒಂದೊಂದು ಭಾಗಕ್ಕೂ ಮೂರರಿಂದ ಐದು ನಿಮಿಷ ಕಾವು ಕೊಡಿ. ಈ ಹಂತ ಬಿಟ್ಟರೆ ಮೊದಲ ಒಗೆತಕ್ಕೇ ಬಣ್ಣ ಹೋಗುತ್ತದೆ.

ಡಿಜಿಟಲ್ ಪ್ರಿಂಟ್ ಅಂಗಡಿ ಪಕ್ಕದಲ್ಲೇ ಇರುವಾಗ ಇಷ್ಟೆಲ್ಲ ಏಕೆ? ಬೇಕಿರುವುದು ಒಂದೋ ಎರಡೋ ಪ್ರತಿ ಅಥವಾ ಬಣ್ಣದ ಛಾಯಾಚಿತ್ರವಾದರೆ ಖಂಡಿತ ಅಲ್ಲಿಗೇ ಹೋಗಿ. ಸ್ಕ್ರೀನಿನ ಲೆಕ್ಕ ಬೇರೆ. ತಯಾರಿಗೆ ಒಟ್ಟು 1,000 ರೂಪಾಯಿ ಬಿತ್ತೆಂದುಕೊಳ್ಳಿ. ಒಂದೇ ಚೀಲಕ್ಕಾದರೆ ಅಷ್ಟೂ ಅದರ ತಲೆಯ ಮೇಲೆ, 50 ಚೀಲಕ್ಕಾದರೆ ತಲಾ 20 ರೂಪಾಯಿ. ಬಿಗಿಯಾದ ಒಳ್ಳೆಯ ಜಾಲರಿ ನೂರಾರು ಪ್ರತಿ ತಾಳುತ್ತದೆ, ಎಮಲ್ಷನ್ ತೆಗೆದರೆ ಮುಂದಿನ ಚಿತ್ರಕ್ಕೂ ಸಿದ್ಧ. ಬಣ್ಣ ಒಣಗುವ ಮುನ್ನವೇ ತಣ್ಣೀರಿನಲ್ಲಿ ತೊಳೆದು, ಕೈಗವಸು ಹಾಕಿಕೊಂಡು, ಎಮಲ್ಷನ್ ತಯಾರಕರದೇ ರಿಮೂವರ್ ಅಥವಾ ಬ್ಲೀಚಿಂಗ್ ಪೌಡರಿನ ತಿಳಿನೀರಿನಿಂದ ಬಯಲಲ್ಲಿ ಉಜ್ಜಿ. ಬ್ಲೀಚಿಂಗ್ ನೀರಿಗೆ ಶೌಚಾಲಯ ತೊಳೆಯುವ ಆಸಿಡ್ ಎಂದೂ ಸೇರಬಾರದು, ವಿಷಾನಿಲ ಏಳುತ್ತದೆ.